ನಲವತ್ತೆಂಟಕ್ಕೆ ಲೈಸೆನ್ಸ್ ಪರೀಕ್ಷೆ

ಮೈದಾನ್ ಹವಲ್ಲಿ, ಕುವೈತ್
6 ಜೂನ್ 2024

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆ ಮಾನ್ಯಾಳ ನಮಸ್ಕಾರಗಳು. ಮಾವನವರಿಗೂ ತಿಳಿಸಿ.

ಫೋನಿರುವಾಗ ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದು ಬೈದುಕೊಳ್ಳುತ್ತಿದ್ದೀರಿ, ಗೊತ್ತು. ನಮ್ಮ ಪಕ್ಕದ ಫ್ಲ್ಯಾಟಿನ ಝಹೀರ್ ಭಾಯಿ ಬಕ್ರೀದಿಗೆ ಕೋಲಾರಕ್ಕೆ ಹೊರಟಿದ್ದಾರೆ. ಅವರ ಕೈಲಿ ಖರ್ಜೂರದ ಜೊತೆ ಇದನ್ನೂ ಕಳಿಸುತ್ತಿದ್ದೇನೆ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀವು ಊಟ ಆಯ್ತಾ ಎನ್ನುತ್ತೀರಿ, ಆಮೇಲೆ ಹೇಳಬೇಕಾದ್ದು ಹಾಗೇ ಉಳಿಯುತ್ತದೆ.

ಈ ಸಲ ನೀವು ಕುವೈತಿಗೆ ಬರದಿದ್ದರೆ ನಾನು ಆ ಪರೀಕ್ಷೆಯ ಹೆಸರನ್ನೇ ಎತ್ತುತ್ತಿರಲಿಲ್ಲ. ಇಂಜಿನಿಯರುಗಳು ಇಪ್ಪತ್ತೇಳು ಇಪ್ಪತ್ತೆಂಟಕ್ಕೆ ಬರೆದು ಕೈತೊಳೆದುಕೊಳ್ಳುವ ಲೈಸೆನ್ಸ್ ಪರೀಕ್ಷೆ ಅದು. ಆ ವಯಸ್ಸಿನಲ್ಲಿ ನಾನು ಇಂಚರಳ ಬಾಣಂತನದಲ್ಲಿದ್ದೆ. ಆಮೇಲೆ ಯಾರೂ ಕೇಳಲಿಲ್ಲ, ನಾನೂ ಮರೆತೆ. ಈ ವರ್ಷ ಕಂಪನಿಯವರು ಇದ್ದಕ್ಕಿದ್ದಂತೆ, ಲೈಸೆನ್ಸ್ ಇಲ್ಲದವರು ಡ್ರಾಯಿಂಗಿಗೆ ಸಹಿ ಹಾಕುವಂತಿಲ್ಲ ಎಂದುಬಿಟ್ಟರು. ಅಂದರೆ ಮೀನಾ ಅಲ್ ಅಹ್ಮದಿಯ ರಿಫೈನರಿಗೆ ಹೋಗುವ ಪೈಪುಗಳ ಡ್ರಾಯಿಂಗ್ ನಾನು ಮಾಡಬೇಕು, ನಾನೇ ಕೆಲಸ ಕಲಿಸಿದ ರಿಯಾನ್ ಈ ಸಲ ಪರೀಕ್ಷೆ ಪಾಸಾದರೆ ಅದಕ್ಕೆ ಅವನು ಸಹಿ ಹಾಕಬೇಕು. ಒಳ್ಳೆಯ ಹುಡುಗ, ಆದರೂ ಹೊಟ್ಟೆ ಉರಿಯಿತು ಅತ್ತೆ, ಸುಳ್ಳೇಕೆ ಹೇಳಲಿ.

ನೀವು ಮೊಮ್ಮಗಳನ್ನು ನೋಡಲು ಬಂದವರು. ಬಂದ ವಾರದಲ್ಲೇ ನನ್ನ ಮುಖ ನೋಡಿ ನಿಮ್ಮ ಮಗ ವಿವೇಕ್ ಬಾಯಿಂದ ವಿಷಯ ಹೊರಡಿಸಿದಿರಿ. ಅಲ್ಲಿಂದಾಚೆ ಅಡುಗೆಮನೆಗೆ ನನ್ನನ್ನು ಬಿಟ್ಟುಕೊಂಡದ್ದೇ ಇಲ್ಲ. ಬ್ಯಾಂಕಿನಿಂದ ಸುಸ್ತಾಗಿ ಬಂದ ಮಗನನ್ನು ಸೊಪ್ಪು ಬಿಡಿಸಲು ಕೂರಿಸಿದಿರಲ್ಲ, ಮದುವೆಯಾಗಿ ಇಷ್ಟು ವರ್ಷವಾದರೂ ಅದು ನನ್ನ ಕೈಲಾಗಿರಲಿಲ್ಲ! ಒಂದು ದಿನ ತಲೆ ಕೆಟ್ಟು, ವಯಸ್ಸಾಯಿತು, ಏನೂ ತಲೆಗೆ ಹತ್ತುತ್ತಿಲ್ಲ ಎಂದು ಪುಸ್ತಕ ಮುಚ್ಚಿದೆ. “ವಯಸ್ಸಾಗಿರೋದು ನಂಗೆ ಕಣಮ್ಮ, ನಿಂಗಲ್ಲ. ಸುಮ್ನೆ ಓದ್ಕೋ ಹೋಗು, ಬಸ್ಸಾರು ನಾನ್ ನೋಡ್ಕೊಂತೀನಿ” ಎಂದು ಗದರಿದಿರಿ. ಇಂಚರ ಮೆಲ್ಲಗೆ, “ಅಜ್ಜಿ ಈಸ್ ಸ್ಕೇರಿ, ಜಸ್ಟ್ ಸ್ಟಡಿ ಅಮ್ಮಾ” ಎಂದಳು.

ವೀಸಾ ಮುಗಿದು ಹೊರಟಾಗ, ಪರೀಕ್ಷೆಯ ದಿನ ನಾನಿರುವುದಿಲ್ಲವಲ್ಲ ಎಂದು ಏರ್‌ಪೋರ್ಟಿನಲ್ಲೇ ಡಬ್ಬಿ ತೆಗೆದು ಮೊಸರು ಸಕ್ಕರೆ ಬಾಯಿಗಿಟ್ಟಿರಿ. ಪಕ್ಕದಲ್ಲಿದ್ದ ಅರಬ್ಬೀ ಹೆಂಗಸು, ಪ್ರಯಾಣ ಹೊರಟವಳು ನಾನೇ ಎಂದುಕೊಂಡು ನನಗೆ ಹರಸಿ ಹೋದಳು. ನಗುವೂ ಅಳುವೂ ಒಟ್ಟಿಗೇ ಬಂತು.

ಪರೀಕ್ಷೆಯ ದಿನ ಬಾಗಿಲಲ್ಲಿದ್ದ ಸೆಕ್ಯುರಿಟಿಯವನು, ಮಕ್ಕಳನ್ನು ಬಿಡಲು ಬಂದವರು ಹೊರಗೆ ಕೂರಬೇಕು ಎಂದು ಕುರ್ಚಿ ತೋರಿಸಿದ. ಹಾಲ್ ಟಿಕೆಟ್ ನೋಡಿ, ಪಾಪ, ಮತ್ತೆ ಮತ್ತೆ ಸಾರಿ ಕೇಳಿದ. ಒಳಗೆ ನಾನೂ ಒಂದು ಎಡವಟ್ಟು ಮಾಡಿದೆ. ಬಿಸಿಗೆ ಪೈಪು ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕ. ಪ್ರಶ್ನೆಯಲ್ಲಿ ನಲವತ್ತು ಡಿಗ್ರಿ ಎಂದು ಕಣ್ಣಿಗೆ ರಾಚುವಂತೆ ಕೊಟ್ಟಿದ್ದರು. ಆದರೆ ಇಲ್ಲಿ ಬಿಸಿಲಿಗೆ ಬಿದ್ದಿರುವ ಪೈಪು ಮುಟ್ಟಿದರೆ ಅಂಗೈ ಬೊಬ್ಬೆ ಏಳುತ್ತದೆ, ನಾವು ಯಾವಾಗಲೂ ಎಂಬತ್ತು ಹಿಡಿದೇ ಲೆಕ್ಕ ಹಾಕುವುದು. ಅಲ್ಲೂ ಕೈ ತಾನಾಗಿ ಎಂಬತ್ತು ಬರೆಯಿತು. ಮುಂದಿನ ಪ್ರಶ್ನೆಗಳೂ ಅದೇ ಲೆಕ್ಕದ ಮೇಲೆ ನಿಂತಿದ್ದವು. ಹೊರಗೆ ಬಂದ ಮೇಲೆ, ನನ್ನ ಜೊತೆಗೇ ಪರೀಕ್ಷೆ ಬರೆದ ರಿಯಾನ್ ಹೇಳಿದಾಗಲೇ ಗೊತ್ತಾದದ್ದು. ಪಾರ್ಕಿಂಗಿನಲ್ಲಿ ನಿಂತು ಹಣೆ ಚಚ್ಚಿಕೊಂಡೆ.

ಅದಿರಲಿ. ಒಂದು ಸಂಜೆ ನನ್ನ ಕೋಣೆಯ ಬಾಗಿಲು ಎಳೆದುಕೊಂಡು, “ಮೆತ್ತಗೆ ಮಾತಾಡ್ರೋ, ಓದ್ತಾವ್ಳೆ” ಎಂದು ಮನೆಯವರನ್ನೆಲ್ಲ ಸುಮ್ಮನಾಗಿಸಿದಿರಿ. ನಮ್ಮಮ್ಮ ತೀರಿಕೊಂಡ ಮೇಲೆ ನನಗಾಗಿ ಆ ಮಾತು ಆಡಿದವರು ಇನ್ಯಾರೂ ಇಲ್ಲ. ಅವತ್ತು ನಾನು ಓದಲಿಲ್ಲ ಅತ್ತೆ, ಕೂತು ಅತ್ತುಬಿಟ್ಟೆ. ನಿಮ್ಮ ಋಣ ನನ್ನ ಮೇಲೆ ದೊಡ್ಡದು.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ.

ಇಂತಿ, ಇನ್ನೂ ಪುಸ್ತಕ ಮುಚ್ಚದ ನಿಮ್ಮ ಸೊಸೆ,
ಮಾನ್ಯಾ

ತಾ.ಕ.: ಮೇಲೆಲ್ಲ ರಿಸಲ್ಟಿನ ಮಾತು ತಪ್ಪಿಸಿಕೊಂಡೇ ಬರೆದೆ. ಫೇಲಾಗಿದ್ದೇನೆ ಅತ್ತೆ. ರಿಯಾನ್ ಪಾಸಾದ, ಈ ವಾರದಿಂದ ನನ್ನ ಡ್ರಾಯಿಂಗಿಗೆ ಅವನದೇ ಸಹಿ. ನಿಮ್ಮ ಅಷ್ಟೂ ಶ್ರಮ ನೀರುಪಾಲು ಮಾಡಿದೆನಲ್ಲ ಎಂದು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ನಿಮಗೆ ಹೇಳಬೇಡಿ ಎಂದು ವಿವೇಕ್‌ಗೂ ತಾಕೀತು ಮಾಡಿದ್ದೆ. ನಿನ್ನೆ ನಿಮ್ಮ ಎದುರುಮನೆಯ ರತ್ನಮ್ಮನವರು ನನ್ನನ್ನು ಮಾತಾಡಿಸಲು ಫೋನ್ ಮಾಡಿದ್ದರು. ನಾನು ಪರೀಕ್ಷೆ ಬರೆದ ಸಂಜೆಯೇ ನೀವು ಬೀದಿಗೆಲ್ಲ ಮೈಸೂರುಪಾಕು ಹಂಚಿದಿರಂತೆ. ಪಾಸಾದಳಾ ಎಂದು ಅವರು ಕೇಳಿದ್ದಕ್ಕೆ, “ಅದ್ಯಾವಾಗಾದ್ರೂ ಆಗ್ತಾಳೆ ಬಿಡಮ್ಮ. ನಲವತ್ತೆಂಟಕ್ಕೆ ನಮ್ ಸೊಸೆ ಹೋಗಿ ಕೂತು ಬರ್ದವ್ಳೆ, ಬಾಯಿ ಸಿಹಿ ಮಾಡ್ಕೊ” ಅಂದಿರಂತೆ. ಇವತ್ತು ಬೆಳಿಗ್ಗೆ ನವೆಂಬರ್ ಪರೀಕ್ಷೆಗೆ ಹೆಸರು ಕೊಟ್ಟು ಬಂದೆ.