ನಾಲ್ಕೇ ದಿನಕ್ಕೆ ಎತ್ತಿದ ಹವಳ

ಅಣ್ಣಾ,

ಅಪ್ಪನನ್ನು ಆಸ್ಪತ್ರೆಯಿಂದ ಕರೆದುಕೊಂಡು ಬರಲು ಹೊರಟಿದ್ದೇನೆ. ಸಂಜೆಯೊಳಗೆ ಬರುತ್ತೇವೆ.

ಮೀನಿನ ದೊಡ್ಡ ಟ್ಯಾಂಕಿನಲ್ಲಿ ಬದುಕಿ ಉಳಿದಿದ್ದ ಮೂರು ಹವಳಗಳನ್ನು ಬಚ್ಚಲಮನೆ ಪಕ್ಕದ ಚಿಕ್ಕ ಟ್ಯಾಂಕಿಗೆ ಹಾಕಿದ್ದೇನೆ. ನೀನು ತಂದ ಹೊಸ ಹವಳ, ಹವಳ ತಿನ್ನುವ ಹುಳ ಅದರಲ್ಲಿಲ್ಲ ಅಂತ ಖಾತ್ರಿಯಾಗಲು, ನಲವತ್ತೈದು ದಿನ ಇರಬೇಕಾಗಿದ್ದದ್ದು ಅಲ್ಲೇ. ನಾಲ್ಕನೇ ದಿನಕ್ಕೇ ನೀನು "ಎಷ್ಟು ಚೆನ್ನಾಗಿ ಅರಳಿದೆ ನೋಡೇ, ಔಷಧದ ನೀರಲ್ಲೂ ಅದ್ದಿದ್ದೀನಿ" ಅಂತ ಎತ್ತಿ ದೊಡ್ಡದಕ್ಕೆ ಬಿಟ್ಟೆ. ಔಷಧಕ್ಕೆ ಹುಳ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಅಪ್ಪ ಇದನ್ನು ನಿನಗೆ ಬಾಯಿ ನೋಯುವಷ್ಟು ಸಲ ಹೇಳಿದ್ದಾರೆ.

ಮಧ್ಯಾಹ್ನ ಮೂರನ್ನೂ ತಿರುಗಿಸಿ, ಬುಡಕ್ಕೆ ಟಾರ್ಚ್ ಬಿಟ್ಟು ನೋಡು. ಕಂದು ಚುಕ್ಕೆ ಕಂಡರೆ ಅವೇ ಮೊಟ್ಟೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆ. ಚಿಕ್ಕ ಟ್ಯಾಂಕಿನ ಕಾಲು ಭಾಗ ನೀರು ಬದಲಿಸು, ಉಪ್ಪುನೀರು ಡ್ರಮ್ಮಿನಲ್ಲಿ ಕಲಸಿಟ್ಟಿದ್ದೇನೆ. ಕೆಂಪು ಬಕೆಟ್ ಚಿಕ್ಕ ಟ್ಯಾಂಕಿಗೆ ಮಾತ್ರ. ನಿನ್ನ ಅಂಗಿ ನೆನೆಸುವುದಕ್ಕೆ ಬೇರೆ ಹುಡುಕಿಕೋ. ದೊಡ್ಡ ಟ್ಯಾಂಕಿನ ಮೀನುಗಳಿಗೆ ನಾನೇ ಮೇವು ಹಾಕಿದ್ದೇನೆ, ದಯವಿಟ್ಟು ಅದಕ್ಕೆ ಕೈ ಹಾಕಬೇಡ.

ಊಟ ಮುಚ್ಚಿಟ್ಟಿದ್ದೇನೆ. ಹಾಗೇ ಮಲಗಬೇಡ, ತಿನ್ನು.

ಅಮ್ಮ ಇದ್ದಾಗ ತಂದಿದ್ದ ನೀಲಿ ಹವಳ ಆ ಹುಳಕ್ಕೆ ಸಿಕ್ಕಿ ಸತ್ತು ಎಂಟು ದಿನವಾಯಿತು. ಅಪ್ಪ ದಿನಾ ಫೋನಿನಲ್ಲಿ ಮೊದಲು ಕೇಳುವುದೇ "ನೀಲಿ ಹೇಗಿದೆಯಮ್ಮಾ?" ಅಂತ. ಎಂಟು ದಿನವೂ "ಚೆನ್ನಾಗಿದೆ ಅಪ್ಪಾ" ಅಂದೆ. ನಿನ್ನ ಹೆಸರು ಎತ್ತಲಿಲ್ಲ.

ಇವತ್ತು ಕೇಳಿದರೆ ಉತ್ತರ ನಾನು ಕೊಡುವುದಿಲ್ಲ. ಬೆಲ್ ಆದಾಗ ಬಾಗಿಲು ನೀನೇ ತೆಗೆ.