ತಾರೀಖಿನ ಜಾಗ ಖಾಲಿ

ಮಾರ್ಚ್ 3, ಬೆಳಿಗ್ಗೆ 6.30

ಎದ್ದೆ. ಬಿಪಿ ಮಾತ್ರೆ. ಮೇಜಿಗೆ ಕೂತೆ. ಒಂದು ಸಾಲು ಬರೆದೆ, ಹೊಡೆದುಹಾಕಿದೆ. ಹೆಂಡತಿ ತೀರಿಹೋಗಿ ನಾಲ್ಕು ವರ್ಷ. ಅಂದಿನಿಂದ ಇದೇ ಹಾಡು. ಡಾಕ್ಟರು ಹೃದಯದ ಬಗ್ಗೆ ಏನೋ ಗೊಣಗಿದರು... ಎಪ್ಪತ್ತಾರಕ್ಕೆ ಇನ್ನೇನು, ಹೊಸದು ಕೊಡುತ್ತಾರೆಯೇ?

ಮೀಸೆ ಫೋನು ಮಾಡಿದ್ದ. ಐವತ್ತು ವರ್ಷದಿಂದ ಗೆಳೆಯ, ಪತ್ರಿಕೆಯ ಸಂಪಾದಕ. ನನ್ನ ಹಳೇ ಲೇಖನವೊಂದನ್ನು ಮತ್ತೆ ಹಾಕುತ್ತಾನಂತೆ. ಪ್ರೂಫ್ ಕಳಿಸುತ್ತೇನೆ, ಕಣ್ಣಾಡಿಸು ಎಂದ.

ಮಾರ್ಚ್ 4, ಮಧ್ಯಾಹ್ನ

ಕವರು ಬಂತು. ಒಳಗಿದ್ದದ್ದು ಲೇಖನವಲ್ಲ — ನನ್ನ ಸಾವಿನ ಸುದ್ದಿ. ವಯಸ್ಸಾದವರದ್ದನ್ನೆಲ್ಲ ಪತ್ರಿಕೆಯವರು ಮೊದಲೇ ಬರೆದಿಟ್ಟಿರುತ್ತಾರೆ. ಇದು ಮೀಸೆಯದೇ ಬರವಣಿಗೆ, ತಾರೀಖಿನ ಜಾಗ ಮಾತ್ರ ಖಾಲಿ. ಹಾಳೆ ಅದಲುಬದಲಾಗಿದೆ. ನಗು ಬಂತು. ಕೆಂಪು ಪೆನ್ನು ಹಿಡಿದು ತಿದ್ದತೊಡಗಿದೆ, ಹಾಳು ಚಟ. ಎರಡು ಕಾಗುಣಿತ, ಒಂದು ಇಸವಿ.

ಮೂರನೇ ಪ್ಯಾರಾ: ‘ಕೊನೆಯ ಕಾದಂಬರಿ ನಿಲ್ಲಬಾರದೆಂದು ಪತ್ನಿ ತಮ್ಮ ಕಾಯಿಲೆಯನ್ನು ಏಳು ತಿಂಗಳು ಅವರಿಂದ ಮುಚ್ಚಿಟ್ಟಿದ್ದರು.’

ಏಳು ತಿಂಗಳು. ನನಗೆ ಗೊತ್ತಿದ್ದದ್ದು ಕೊನೆಯ ಹದಿನೆಂಟು ದಿನ.

ಮಾರ್ಚ್ 9

ಐದು ದಿನ ಫೋನು ಎತ್ತಲಿಲ್ಲ. ಇವತ್ತು ಅವನ ಆಫೀಸಿಗೇ ಹೋದೆ. ಹಾಳೆ ಮುಂದಿಟ್ಟೆ. ಮೀಸೆಯ ಮುಖ ಇಳಿದುಹೋಯಿತು.

“ಅತ್ತಿಗೆ ಮಾತು ತಗೊಂಡಿದ್ರು ಕಣೋ. ನಿನ್ನ ಪುಸ್ತಕ ಮುಗಿಯೋವರೆಗೂ ಬಾಯಿ ಬಿಡಬೇಡ ಅಂತ.”

ಆಸ್ಪತ್ರೆಗೂ ಇವನೇ ಕರೆದೊಯ್ಯುತ್ತಿದ್ದನಂತೆ, ಪ್ರತಿ ಮಂಗಳವಾರ. ತಂಗಿ ಮನೆಗೆ ಎಂದು ಹೇಳಿ ಹೋಗುತ್ತಿದ್ದಳು. ನಾನು ತಲೆ ಎತ್ತದೆ ಹೂಂ ಎನ್ನುತ್ತಿದ್ದೆ.

“ನನ್ನ ಹೆಂಡತಿ ಸಾಯ್ತಿರೋದು ನಿಂಗೆ ಗೊತ್ತು, ನಂಗೆ ಗೊತ್ತಿಲ್ಲ,” ಎಂದೆ. ಹಾಳೆ ಎತ್ತಿಕೊಂಡು ಹೊರಬಿದ್ದೆ. ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದರು. ಇವನ ಜೊತೆ ಮಾತು ಬಿಡಬಹುದು. ಸತ್ತವಳ ಮೇಲೆ ಸಿಟ್ಟು ಮಾಡಿಕೊಂಡು ಎಲ್ಲಿಗೆ ಹೋಗಲಿ?

ಮಾರ್ಚ್ 21, ಬೆಳಿಗ್ಗೆ

ಮೀಸೆ ಎರಡು ಸಲ ಬಂದ. ಬಾಗಿಲು ತೆಗೆಯಲಿಲ್ಲ.

ಆ ಪ್ಯಾರಾ ಹೊಡೆದುಹಾಕಿ, ನಾನೇ ಬರೆದು ಕಳಿಸೋಣವೆಂದು ಕೂತೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಕೈ ಓಡಿತು. ಅವರಿಬ್ಬರ ಮೋಸವನ್ನು ಎಳೆಎಳೆಯಾಗಿ ಬಿಡಿಸಿಟ್ಟೆ. ‘ಅವಳು ಒಮ್ಮೆಯೂ ನನಗೆ ಹೇಳಲು ಬರಲಿಲ್ಲ’ ಎಂದು ಬರೆದೆ.

ಅಲ್ಲ. ಒಮ್ಮೆ ಬಂದಿದ್ದಳು. ಮಂಗಳವಾರವೇ. ಹೊರಗಿನಿಂದ ಬಂದವಳು ಕೈಚೀಲ ಕೂಡ ಕೆಳಗಿಡದೆ ಈ ಕೋಣೆಯ ಬಾಗಿಲಲ್ಲಿ ನಿಂತು, “ರೀ, ಒಂದು ನಿಮಿಷ,” ಅಂದಳು. ನಾನು ತಿರುಗಿ ನೋಡಲಿಲ್ಲ. ಎಡಗೈ ಎತ್ತಿ, “ಈ ಪ್ಯಾರಾ ಒಂದು ಮುಗೀಲಿ, ತಡಿ,” ಅಂದೆ.

ಪ್ಯಾರಾ ಚೆನ್ನಾಗಿ ಬಂತು. ತಿರುಗಿದಾಗ ಬಾಗಿಲು ಖಾಲಿ —