ಕುಡಿಯಲೆಂದು ಕೊಟ್ಟ ನೀರು

ನಗರದ ನೀರಿನ ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ತಾಯಿ ವಂಚಕಿಯಲ್ಲ. ಆದರೆ ಈ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಆಕೆ ತಾನು ವಂಚಕಿ ಎಂದು ಒಪ್ಪಿ ಸಹಿ ಹಾಕದಿದ್ದರೆ ನಮ್ಮ ಬಡಾವಣೆಯ ನೂರ ನಲವತ್ತು ಮನೆಗಳಿಗೆ ನದಿ ನೀರಿನ ಹೊಸ ಪೈಪು ಬರುವುದಿಲ್ಲ ಎಂದು ನಿಮ್ಮ ಕಚೇರಿ ಹೇಳಿದೆ. ಈ ಬಗ್ಗೆ ನಿಮಗೆ ಮೂರು ಪತ್ರ ಬರೆದೆ. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಹಾಗಾಗಿ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮನೆಯ ಮುಂಭಾಗದಲ್ಲೇ ನನ್ನದೊಂದು ಸಣ್ಣ ಲಾಂಡ್ರಿ. ಎರಡು ಯಂತ್ರ, ಒಂದು ಇಸ್ತ್ರಿ ಮೇಜು, ನಾನು, ಅಮ್ಮ. ಯಂತ್ರಕ್ಕೆ ಹಾಕಲಾಗದ ನಾಜೂಕು ಬಟ್ಟೆಗಳನ್ನು ಅಮ್ಮ ಕೈಯಲ್ಲೇ ಒಗೆಯುತ್ತಾಳೆ. ನಲ್ಲಿ ನೀರು ಎಷ್ಟು ಗಡಸು ಎಂದು ತಿಳಿಯಲು ನಮಗೆ ಪ್ರಯೋಗಾಲಯ ಬೇಕಿಲ್ಲ. ಸೋಪು ಎಷ್ಟು ಉಜ್ಜಿದರೂ ನೊರೆಯೇಳದೆ ಒಡೆದ ಹಾಲಿನಂತೆ ತೇಲುತ್ತದೆ. ದಾದಿಯರ ಬಿಳಿ ಸಮವಸ್ತ್ರ ಹತ್ತು ಒಗೆತಕ್ಕೆ ಬೂದು ಬಣ್ಣಕ್ಕೆ ತಿರುಗಿ, ಬೈಗುಳ ನನಗೆ ಬೀಳುತ್ತದೆ. ಯಂತ್ರದೊಳಗೆ ನೀರು ಕಾಯಿಸುವ ಕಾಯಿಲ್ ಮೇಲೆ ಕೂತ ಸುಣ್ಣವನ್ನು ಪ್ರತಿ ತಿಂಗಳೂ ಸ್ಕ್ರೂಡ್ರೈವರ್ ಹಿಡಿದು ಕೆರೆಯುತ್ತೇನೆ. ಕಳೆದ ಸಲ ಉದುರಿದ ಚಕ್ಕೆ ನನ್ನ ಅಂಗೈಯಷ್ಟಿತ್ತು. ಅಂಗಡಿಯಿಂದ ಪರೀಕ್ಷೆಯ ಕಿಟ್ ಕೂಡ ತಂದೆ. ಕೆಂಪಾದ ನೀರು ನೀಲಿಗೆ ತಿರುಗುವವರೆಗೆ ಹನಿ ಹಾಕುತ್ತಾ ಎಣಿಸಬೇಕಂತೆ, ಹನಿ ಹೆಚ್ಚಾದಷ್ಟೂ ನೀರು ಗಡಸಂತೆ. ಸೀಸೆ ಖಾಲಿಯಾಯಿತು, ನೀರು ಕೆಂಪಾಗಿಯೇ ಉಳಿಯಿತು. ಅಮ್ಮನ ಬೆರಳ ಸಂದುಗಳು ಬಿರಿದು ಈಗ ರವಿಕೆಯ ಗುಂಡಿ ಹಾಕಿಕೊಳ್ಳಲೂ ನನ್ನನ್ನು ಕರೆಯುತ್ತಾಳೆ. ಹಾಗೆ ಕರೆದಾಗಲೆಲ್ಲ ನನಗೆ ಅಳು ಬರುತ್ತದೆ, ಜೊತೆಗೆ ನಿಮ್ಮ ಮೇಲೆ ಕೋಪವೂ.

ನಾವು ದೂರು ಕೊಟ್ಟು ಏಳು ತಿಂಗಳಾದ ಮೇಲೆ ನಿಮ್ಮ ನೌಕರರೊಬ್ಬರು ಮಾದರಿ ಸಂಗ್ರಹಿಸಲು ದಯಮಾಡಿಸಿದರು. ಸುಡು ಬಿಸಿಲಿನ ಮಧ್ಯಾಹ್ನ. ನಾನು ಬಟ್ಟೆ ತಲುಪಿಸಲು ಹೋಗಿದ್ದೆ. ಅವರು ಬಾಗಿಲಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತಾ, ಖಾಲಿ ಬಾಟಲಿ ಮುಂದೆ ಚಾಚಿ ಹೇಳಿದ್ದು ಇಷ್ಟೇ: "ಅಮ್ಮಾ, ಇದಕ್ಕೆ ಸ್ವಲ್ಪ ನೀರು ಬೇಕಿತ್ತು."

ನೀವೇ ಹೇಳಿ, ಬಾಯಾರಿ ಬಂದಂತೆ ಕಾಣುವ ಮನುಷ್ಯನಿಗೆ ಯಾವ ನೀರು ಕೊಡಬೇಕು? ಒಗೆಯುವ ನಲ್ಲಿಯದ್ದೇ? ಅಮ್ಮ ಒಳಗೆ ಹೋಗಿ, ನಾವು ಕುಡಿಯಲೆಂದು ತರಿಸುವ ಕ್ಯಾನಿನಿಂದ ಬಾಟಲಿಯ ಕಂಠದವರೆಗೂ ತುಂಬಿಸಿ ತಂದುಕೊಟ್ಟಳು. ಸಾಲದ್ದಕ್ಕೆ "ಇನ್ನೊಂದು ಬಾಟ್ಲಿ ಇದ್ರೆ ಕೊಡಪ್ಪಾ, ಅದಕ್ಕೂ ತುಂಬಿಸ್ತೀನಿ" ಅಂದಳಂತೆ. ಅವರು "ಒಂದೇ ಸಾಕು" ಎಂದು ಮನೆ ನಂಬರಿನ ಚೀಟಿ ಅಂಟಿಸಿಕೊಂಡು ಹೊರಟರು. ನಾನು ಮನೆಗೆ ಬಂದಾಗ ಅಮ್ಮ, "ಎಷ್ಟು ಅಚ್ಚುಕಟ್ಟು ಗೊತ್ತೇನೇ ಆ ಮನುಷ್ಯ, ಕುಡಿಯೋ ನೀರಿಗೂ ಚೀಟಿ ಅಂಟಿಸ್ಕೊಂಡ" ಎಂದು ಹೊಗಳಿದಳು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಡುಗೆಮನೆಯ ನಲ್ಲಿ ಅವರು ನಿಂತ ಬಾಗಿಲಿಂದ ಹತ್ತು ಹೆಜ್ಜೆ ದೂರದಲ್ಲಿದೆ.

ಮರುದಿನವೇ ನಿಮ್ಮ ಕಚೇರಿಗೆ ಹೋಗಿ ವಿಷಯ ತಿಳಿಸಿದೆ. ವರದಿ ಬರಲಿ, ಆಮೇಲೆ ನೋಡೋಣ ಎಂದರು. ವರದಿ ಬಂತು. ಗಡಸುತನ ಲೀಟರಿಗೆ ಮೂವತ್ತೆಂಟು ಮಿಲಿಗ್ರಾಂ. "ಸದರಿ ಬಡಾವಣೆಯ ನಲ್ಲಿ ನೀರು ಅತ್ಯುತ್ತಮ ಗುಣಮಟ್ಟದ್ದಾಗಿದ್ದು, ಹೊಸ ಕೊಳವೆ ಮಾರ್ಗದ ಅಗತ್ಯ ಕಂಡುಬರುವುದಿಲ್ಲ." ಅಭಿನಂದನೆಗಳು. ನೂರ ನಲವತ್ತು ಮನೆಗಳ ಹಣೆಬರಹ ಒಂದು ಬಾಟಲಿಯಲ್ಲಿ, ಅದೂ ಕ್ಯಾನಿನ ನೀರಿನಲ್ಲಿ ನಿಮಗೆ ಕಂಡಿದೆ. ರಸ್ತೆಯ ಕೊನೆಗೆ ತಂದು ರಾಶಿ ಹಾಕಿದ್ದ ಪೈಪುಗಳನ್ನು ಶುಕ್ರವಾರ ಲಾರಿಗೆ ಏರಿಸಿ ಬೇರೆ ಬಡಾವಣೆಗೆ ಸಾಗಿಸುತ್ತಾರಂತೆ.

ಎದುರುಮನೆಯ ಟೈಲರ್ ಮೊದಲು ನಗುತ್ತಲೇ ಕೇಳಿದರು: "ಏನಮ್ಮಾ, ನಿಮ್ಮನೆ ನಲ್ಲೀಲಿ ಅಮೃತ ಬರುತ್ತಂತೆ? ನಮಗೂ ಒಂದು ಬಿಂದಿಗೆ ಕೊಡಿ." ಪೈಪಿನ ಸುದ್ದಿ ಹರಡಿದ ಮೇಲೆ ಯಾರೂ ನಗುತ್ತಿಲ್ಲ. ಮುಂಚೆ ಬಾಗಿಲಲ್ಲಿ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದ ಅಮ್ಮ ಈಗ ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಾ ಕೂರುತ್ತಾಳೆ. "ನನ್ನಿಂದ ಬೀದಿಗೆಲ್ಲ ಕಷ್ಟ ಬಂತಲ್ಲೇ" ಎನ್ನುತ್ತಾಳೆ. ನಾನು ಸಮಾಧಾನ ಹೇಳಿ ಸೋತಿದ್ದೇನೆ.

ಮರುಪರೀಕ್ಷೆ ಕೇಳಲು ಹೋದಾಗ ನಿಮ್ಮ ಕಚೇರಿಯ ಕಿಟಕಿಯಲ್ಲಿದ್ದವರು ಒಂದು ನಮೂನೆ ಕೊಟ್ಟರು. ಶುಕ್ರವಾರದೊಳಗೆ ಅಮ್ಮ ಅದಕ್ಕೆ ಸಹಿ ಹಾಕಿದರೆ ಮಾತ್ರ ಹಳೆಯ ವರದಿ ರದ್ದಾಗಿ ಪೈಪು ಉಳಿಯುತ್ತದಂತೆ. ಅದರಲ್ಲಿ ಅಚ್ಚಾದ ಸಾಲು ಹೀಗಿದೆ: "ನಾನು ಬೇರೆ ಮೂಲದ ನೀರನ್ನು ಉದ್ದೇಶಪೂರ್ವಕವಾಗಿ ಮಾದರಿಯಾಗಿ ನೀಡಿ ಇಲಾಖೆಯನ್ನು ವಂಚಿಸಿರುತ್ತೇನೆ." ಹತ್ತು ಹೆಜ್ಜೆ ನಡೆಯದ ನಿಮ್ಮ ನೌಕರರು ಸಹಿ ಹಾಕಬೇಕಾದ ನಮೂನೆ ಯಾವುದು ಎಂದು ಕೇಳಿದೆ. ಅಂಥದ್ದು ಇಲ್ಲವಂತೆ. ತಾನೇ ತೊಂದರೆ ಅನುಭವಿಸುತ್ತಿರುವ ನೀರನ್ನು ಚೆನ್ನಾಗಿದೆ ಎಂದು ತೋರಿಸಿ ನನ್ನ ತಾಯಿಗೆ ಆಗುವ ಲಾಭವಾದರೂ ಏನು? ಇಷ್ಟು ಸರಳ ಪ್ರಶ್ನೆ ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ನಾನು ಆ ಕಾಗದವನ್ನು ಇಸ್ತ್ರಿ ಬಟ್ಟೆಗಳ ಕೆಳಗೆ ಬಚ್ಚಿಟ್ಟಿದ್ದೆ. ಅಮ್ಮ ಹುಡುಕಿ ತೆಗೆದಳು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಉದ್ದೇಶಪೂರ್ವಕವಾಗಿ" ಎಂಬುದನ್ನೂ "ವಂಚಿಸಿರುತ್ತೇನೆ" ಎಂಬುದನ್ನೂ ಹೊಡೆದುಹಾಕಿ, ನೋಯುವ ಬೆರಳಿನಿಂದ ಮೇಲೆ ಬರೆದಳು: "ಕುಡಿಯಲು ಕೇಳಿದರೆಂದು ತಿಳಿದು ಒಳ್ಳೆಯ ನೀರು ಕೊಟ್ಟೆ." ಕೆಳಗೆ ಸಹಿ ಹಾಕಿದಳು. ಅದನ್ನು ಕಿಟಕಿಗೆ ಒಯ್ದೆ. "ತಿದ್ದಿದ ನಮೂನೆ ತಗೊಳ್ಳೋಕಾಗಲ್ಲ ಮೇಡಂ" ಎಂದು ಹೊಸದೊಂದನ್ನು ಕೈಗಿಟ್ಟರು.

ಇಂದು ಬುಧವಾರ. "ಇಷ್ಟು ಮನೆ ನೀರು ಒಂದು ಮಾತಿಗೆ ನಿಂತಿದೆ ಅಂದ್ರೆ ಹಾಕ್ತೀನಿ ಬಿಡೇ, ನಂದೇನು ಹೋಗುತ್ತೆ" ಎಂದು ಅಮ್ಮ ಪೆನ್ನು ಕೇಳುತ್ತಿದ್ದಾಳೆ. ಶುಕ್ರವಾರದವರೆಗೆ ಹೇಗೋ ತಡೆಯುತ್ತೇನೆ. ಆಕೆ ತಿದ್ದಿ ಬರೆದ ಕಾಗದವನ್ನು ಈ ಪತ್ರದ ಪ್ರತಿಯೊಂದಿಗೆ ನಿಮ್ಮ ಕಚೇರಿಗೂ ಕಳಿಸಿದ್ದೇನೆ. ಅದನ್ನೇ ಸ್ವೀಕರಿಸಿ. ಅಷ್ಟರೊಳಗೆ ಯಾರನ್ನಾದರೂ ಕಳಿಸಿ ಬೀದಿಯ ಯಾವ ಮನೆಯ ನಲ್ಲಿಯಿಂದಾದರೂ ಅವರ ಕೈಯಾರೆ ನೀರು ಹಿಡಿಸಿ. ಅಲ್ಲಿಯವರೆಗೆ ಪೈಪುಗಳು ಇದ್ದಲ್ಲೇ ಇರಲಿ. ಇಲ್ಲವಾದರೆ ಅಮ್ಮ ನಿಮ್ಮ ಅಚ್ಚಿನ ಸಾಲಿನ ಕೆಳಗೆ ಸಹಿ ಹಾಕಿಯೇ ಹಾಕುತ್ತಾಳೆ. ಆಗ ಅರವತ್ತೆಂಟು ವರ್ಷದ ಹೆಂಗಸು ನಿಮ್ಮ ಇಲಾಖೆಗೆ ಮೊದಲ ಬಾರಿಗೆ ಸುಳ್ಳು ಹೇಳಿದಂತಾಗುತ್ತದೆ, ಮತ್ತು ಅದನ್ನು ಕೇಳಿ ಪಡೆದವರು ನೀವಾಗಿರುತ್ತೀರಿ.

ಇಂತಿ,
ನಿಮ್ಮ ವರದಿಯ ಪ್ರಕಾರ ಯಾವ ತೊಂದರೆಯೂ ಇಲ್ಲದ
ಲಾಂಡ್ರಿಯವಳು